ಬಾಲ್ಯದಿಂದಲೂ ಜೌಗು ನೆಲದ ಮೇಲೆ ಒಲವು

ಅವನ ಜೌಗು ನೆಲವನ್ನು ಬತ್ತಿಸಿ ಅಲ್ಲಿ ಆಲೂಗಡ್ಡೆ ಬೆಳೆಯಬೇಕು ಎಂದು ನಾನು ತುಂಬಿದ ತರಗತಿಯಲ್ಲಿ ಹೇಳಿದೆ. ನಮ್ಮ ಪರಿಚಯವಾದದ್ದು ಹಾಗೆ.

ನೆಲ ನಿಜವಾದದ್ದೇನಲ್ಲ. ಅದು ಎಂ.ಎಸ್ಸಿ.ಯ ಮೊದಲ ವಾರ. ಕೃಷಿ, ಆಹಾರ ಮತ್ತು ಪರಿಸರ ನೀತಿಯ ಅರ್ಥಶಾಸ್ತ್ರ ಕಲಿಯುತ್ತೇವೆ ಎಂದು ಮನೆಮಠ ಬಿಟ್ಟು ಪರದೇಶಕ್ಕೆ ಬಂದಿದ್ದ ಇಪ್ಪತ್ತೆರಡು ಜನರ ಮುಂದೆ ಪ್ರೊಫೆಸರಮ್ಮ ಬೋರ್ಡಿನ ಮೇಲೆ ಒಂದು ಕಣಿವೆಯ ಚಿತ್ರ ಬರೆದು, "ಇದನ್ನ ಏನು ಮಾಡ್ತೀರಿ?" ಎಂದು ಕೇಳಿದ್ದರು. ನನ್ನನ್ನು ಕೃಷಿ ಮಂತ್ರಿ ಮಾಡಿದ್ದರು. ಎದುರು ಬೆಂಚಿನಲ್ಲಿ ಪರಿಸರ ಮಂತ್ರಿ ಕೂತಿದ್ದ. ಉದ್ದ ಮೂಗು, ಕಿವಿಯ ಮೇಲೆ ಪೆನ್ಸಿಲ್, ಪ್ಯಾಂಟಿನ ಅಂಚಿಗೆ ಒಣಗಿದ ಕೆಸರು.

"ಬತ್ತಿಸ್ತೀರಾ?" ಎಂದ, ಅವನ ಮನೆಯ ಸೂರನ್ನೇ ನಾನು ಕಿತ್ತೆನೇನೋ ಎಂಬ ಹಾಗೆ. "ಪ್ರತಿ ವರ್ಷ ಅಲ್ಲಿಗೆ ಬರೋ ಹಕ್ಕಿಗಳಿಗೆ ಏನು ಹೇಳ್ತೀರಿ?"

"ಆಲೂಗಡ್ಡೆ ತಿನ್ನಿ ಅಂತ ಹೇಳ್ತೀನಿ."

ತರಗತಿಯೆಲ್ಲ ನಕ್ಕಿತು. ಅವನು ನಗಲಿಲ್ಲ. ನನ್ನನ್ನೇ ಮೂರು ಸೆಕೆಂಡು ನೋಡಿದ. ಆಮೇಲೆ ಅವನ ಕಿವಿಗಳು ತುದಿಯಿಂದ ಶುರುವಾಗಿ ನಿಧಾನವಾಗಿ ಕೆಂಪಾದವು. ಆ ಕೆಂಪನ್ನು ನೋಡುತ್ತ ನಾನು ನನ್ನ ಮುಂದಿನ ಮಾತನ್ನೇ ಮರೆತೆ. ಮತ ಹಾಕಿದಾಗ ಕೃಷಿ ಇಲಾಖೆ ಹದಿನಾಲ್ಕು ಮತಗಳಿಂದ ಸೋತಿತು.

ತರಗತಿ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಹಿಂದೆಯೇ ಬಂದ. "ಮಂತ್ರಿಗಳೇ, ಬತ್ತಿಸಿದ ನೆಲ ಕುಸಿಯುತ್ತೆ. ಆಮೇಲೆ ನಿಮ್ಮ ಆಲೂಗಡ್ಡೆಗೂ ಜಾಗ ಇರಲ್ಲ."

"ಅಷ್ಟರಲ್ಲಿ ನಾನು ಮಂತ್ರಿ ಆಗಿರಲ್ಲ ಬಿಡಿ."

ಈಗ ನಕ್ಕ. ಮುಂದಿನ ಹಲ್ಲೊಂದು ಸ್ವಲ್ಪ ಸೊಟ್ಟ. ನನ್ನ ಅಕ್ಕ ದಂತವೈದ್ಯೆ, ಇಂಥ ಹಲ್ಲು ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಈ ಹಲ್ಲನ್ನು ಮಾತ್ರ ಯಾರೂ ಮುಟ್ಟಕೂಡದು ಎಂದು ನಾನು ಅಲ್ಲೇ ನಿಂತು ತೀರ್ಮಾನಿಸಿದೆ.

ತರಗತಿಯವರು ಅವನಿಗೆ ಜೌಗಪ್ಪ ಎಂದು ಹೆಸರಿಟ್ಟರು. ಇಡುವುದಕ್ಕೆ ಕಾರಣವೂ ಇತ್ತು. ಪ್ರತಿ ಶನಿವಾರ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಊರಾಚೆಯ ಜೌಗಿಗೆ ಹೋಗಿ, ಗೆರೆ ಹಾಕಿದ ಕೋಲಿನಿಂದ ನೀರು ಅಳೆಯುತ್ತಿದ್ದ. ನೀರು ಒಂದು ಬೆರಳು ಏರಿದರೆ ಆ ವಾರವೆಲ್ಲ ಅವನಿಗೆ ಹಬ್ಬ.

ನನ್ನನ್ನು ಅವನು ಗಡ್ಡೆ ಎಂದು ಕರೆಯುತ್ತಿದ್ದ. ಅದಕ್ಕೂ ಕಾರಣವಿತ್ತು. ಅಂಗಡಿಯವರ ಅಳತೆಗೆ ಹೊಂದಲಿಲ್ಲ ಎಂಬ ಒಂದೇ ತಪ್ಪಿಗೆ ಎಷ್ಟೋ ಒಳ್ಳೆಯ ಆಲೂಗಡ್ಡೆಗಳು ತಿಪ್ಪೆ ಸೇರುತ್ತವೆ. ಆ ಅಳತೆಯ ನಿಯಮ ಬದಲಿಸಿದರೆ ಏನಾಗುತ್ತದೆ ಎಂಬುದೇ ನನ್ನ ಓದು. ವಾರಕ್ಕೆರಡು ದಿನ ತರಕಾರಿ ಗೋದಾಮಿಗೆ ಹೋಗಿ, ಓಡುವ ಬೆಲ್ಟಿನ ಮುಂದೆ ಗ್ಲೌಸ್ ಹಾಕಿಕೊಂಡು ನಿಂತು, ಎಸೆಯುವ ಗಡ್ಡೆಗಳನ್ನು ತೂಗುತ್ತಿದ್ದೆ. ಒಮ್ಮೆ ಅವನೂ ಜೊತೆಗೆ ಬಂದ. ಆ ದಿನ ನನಗೂ ಗೋದಾಮಿನ ಮ್ಯಾನೇಜರಿಗೂ ಜೋರು ಜಗಳವಾಯಿತು. ಜಗಳ ಮುಗಿಯುವಷ್ಟರಲ್ಲಿ ಇವನ ಕೈಯಲ್ಲೊಂದು ಸೊಟ್ಟ ಗಡ್ಡೆ ಇತ್ತು.

"ನೋಡು, ಥೇಟ್ ಬಾತುಕೋಳಿ. ಇದನ್ನ ಎಸೆಯೋಕೆ ಮನಸ್ಸಾದ್ರೂ ಹೆಂಗೆ ಬರುತ್ತೆ ಇವರಿಗೆ?"

ಜೇಬಿಗಿಟ್ಟುಕೊಂಡು ಹೋದ. ಮೊಳಕೆ ಬರುವವರೆಗೂ ಅದು ಅವನ ಮೇಜಿನ ಮೇಲಿತ್ತು. ನನ್ನ ಕಥೆ ಮುಗಿದದ್ದು ಆ ಬಾತುಕೋಳಿಯಿಂದಲೇ.

ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳುತ್ತಿದ್ದೆ. ಅವಳು ಒಬ್ಬ ಪೇಷಂಟಿಗೂ ಇನ್ನೊಬ್ಬ ಪೇಷಂಟಿಗೂ ನಡುವೆ ಕೇಳಿಸಿಕೊಳ್ಳುತ್ತಿದ್ದಳು.

"ಅವನಿಗೆ ಹೇಳಿದ್ಯಾ?"

"ಏನನ್ನ?"

"ಅಯ್ಯೋ ದೇವರೇ. ಬಾಯಿ ತೆಗೀರಿ. ಇನ್ನೂ ದೊಡ್ಡದಾಗಿ."

"ನಂಗಾ?"

"ಪೇಷಂಟ್‌ಗೆ ಕಣೇ. ನಿಂಗೂ ಅಂತಲೇ ಅಂದ್ಕೋ."

ಬಾಯಿ ತೆಗೆಯುವ ಬದಲು ನಾನು ಮಾಡಿದ ಘನಂದಾರಿ ಕೆಲಸವೇ ಬೇರೆ.

ನಮ್ಮ ಕೋರ್ಸಿನಲ್ಲಿ ಎರಡನೆಯ ವರ್ಷಕ್ಕೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಆಯ್ಕೆಗಳು ಎರಡು. ಕಡಲ ದಡದಲ್ಲಿರುವುದು ಪರಿಸರಕ್ಕೆ ಹೆಸರುವಾಸಿ. ಅದರ ಕಿಟಕಿಯಿಂದ ಕೈ ಚಾಚಿದರೆ ಜೌಗು. ಬೆಟ್ಟದ ಮೇಲಿರುವುದು ಆಹಾರ ಮಾರುಕಟ್ಟೆಗೆ. ಒಂದರಿಂದ ಇನ್ನೊಂದಕ್ಕೆ ರೈಲಿನಲ್ಲಿ ಒಂಬತ್ತು ಗಂಟೆ. ಇಪ್ಪತ್ತೆರಡು ಜನ ಫಾರ್ಮ್ ತುಂಬಬೇಕಿತ್ತು.

ಹಾಸ್ಟೆಲಿನ ಅಡುಗೆಮನೆಯಲ್ಲಿ ನಾಲ್ಕು ಒಲೆಗಳಿದ್ದು ಒಂದೇ ಒಂದು ಉರಿಯುತ್ತಿತ್ತು. ಭಾನುವಾರ ಮಧ್ಯಾಹ್ನ ಅದರ ಮುಂದೆ ನಾವಿಬ್ಬರೇ ಇದ್ದೆವು.

"ನೀನು ಯಾವುದು ಬರೀತೀಯ?" ಎಂದು ಕೇಳಿದ. ಕೇಳುವಾಗ ನನ್ನ ಮುಖ ನೋಡದೆ ಪಾತ್ರೆಯಲ್ಲಿ ಬೇಯುತ್ತಿದ್ದುದನ್ನು ನೋಡುತ್ತಿದ್ದ.

"ನಾನು ಕಡಲಿಗೆ" ಎಂದು ಅವನು ಆರಾಮಾಗಿ ಹೇಳಿಬಿಟ್ಟರೆ ನನ್ನ ಮುಖ ಎಲ್ಲಿ ಬಚ್ಚಿಡಲಿ?

"ಹೇಳಲ್ಲ. ಒಬ್ಬರ ಆಯ್ಕೆ ಇನ್ನೊಬ್ಬರಿಗೆ ಗೊತ್ತಾದ್ರೆ ಅದು ನಿಜವಾದ ಆಯ್ಕೆನೇ ಅಲ್ಲ. ಪ್ರೊಫೆಸರಮ್ಮ ಪಾಠ ಮಾಡಿಲ್ವಾ? ಲಿಸ್ಟ್ ಬರೋ ತನಕ ಇಬ್ಬರೂ ಬಾಯಿ ಬಿಡಬಾರದು."

ಅವನು ಒಪ್ಪುವುದಿಲ್ಲ, ಹೇಳು ಹೇಳು ಎಂದು ಗೋಗರೆಯುತ್ತಾನೆ, ಆಗ ಹೇಳಿದರಾಯಿತು ಎಂದುಕೊಂಡಿದ್ದೆ.

"ಸರಿ. ನ್ಯಾಯವಾಗಿದೆ," ಎಂದುಬಿಟ್ಟ ಪುಣ್ಯಾತ್ಮ.

ನಮ್ಮ ಪುಸ್ತಕಗಳಲ್ಲಿ ಒಬ್ಬ ಮನುಷ್ಯ ಬರುತ್ತಾನೆ. ಅವನಿಗೆ ತನ್ನ ಲಾಭ ಬಿಟ್ಟು ಬೇರೇನೂ ಕಾಣುವುದಿಲ್ಲ, ಯಾವಾಗಲೂ ತನಗೆ ಒಳ್ಳೆಯದನ್ನೇ ಆರಿಸಿಕೊಳ್ಳುತ್ತಾನೆ. ಒಂಬತ್ತು ತಿಂಗಳು ಅವನ ಜೊತೆಗೇ ಸಂಸಾರ ಮಾಡಿದ್ದ ನಾನು, ಜೌಗಪ್ಪನೂ ಅವನೇ ಎಂದುಕೊಂಡೆ. ಜೌಗು ಇರುವುದು ಕಡಲ ಹತ್ತಿರ, ಅಂದಮೇಲೆ ಅವನು ಬರೆಯುವುದು ಕಡಲು. ಇದರಲ್ಲಿ ಕೇಳುವುದೇನಿದೆ?

ಲೈಬ್ರರಿಯ ಮೂಲೆಯಲ್ಲಿ ಕೂತು ನಾನೂ ಕಡಲು ಎಂದು ಬರೆದೆ. ಕಾರಣವನ್ನು ನೂರೈವತ್ತು ಪದಗಳಲ್ಲಿ ಬರೆಯಬೇಕಿತ್ತು. "ಜೌಗು ನೆಲದ ಮೇಲೆ ನನಗೆ ಬಾಲ್ಯದಿಂದಲೂ ಅಪಾರ ಒಲವು" ಎಂದು ಶುರುಮಾಡಿದೆ. ಬಾಲ್ಯದಲ್ಲಿ ನನಗೆ ಒಲವಿದ್ದದ್ದು ನಿದ್ದೆಯ ಮೇಲೆ ಮಾತ್ರ.

ಮೂರು ವಾರದ ನಂತರ ಲಿಸ್ಟನ್ನು ನೋಟಿಸ್ ಬೋರ್ಡಿಗೆ ಹಾಕಿದರು. ನನ್ನ ಹೆಸರಿನ ಮುಂದೆ ಕಡಲು. ಕುಣಿದಾಡುವ ಮನಸ್ಸನ್ನು ಹಿಡಿದುಕೊಂಡು ಅವನ ಹೆಸರು ಹುಡುಕಿದೆ.

ಅವನ ಹೆಸರಿನ ಮುಂದೆ ಬೆಟ್ಟ.

ತಿರುಗಿದರೆ ಅವನೂ ಹಿಂದೆಯೇ ನಿಂತು, ಬಾಯಿ ತೆರೆದುಕೊಂಡು ಬೋರ್ಡು ನೋಡುತ್ತಿದ್ದ.

"ನೀನು ಕಡಲಿಗಾ?"

"ನೀನು ಬೆಟ್ಟಕ್ಕಾ?"

"ಹೂಂ. ಅದು... ನಂಗೆ ಈಚೆಗೆ ಆಹಾರ ಮಾರುಕಟ್ಟೆ ಮೇಲೆ ತುಂಬಾ ಆಸಕ್ತಿ."

"ನಂಗೂ ಹಕ್ಕಿಗಳ ಮೇಲೆ."

"ಒಳ್ಳೇದು."

"ತುಂಬಾ ಒಳ್ಳೇದು."

ಏನೂ ತೋಚದೆ ಕೈಕುಲುಕಿದೆವು. ಅಭಿನಂದನೆ ಹೇಳಿಕೊಂಡು ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಹೋದೆವು.

ಎರಡನೆಯ ಮಹಡಿ ಹತ್ತುವಾಗ ನನಗೆ ಹೊಳೆಯಿತು. ಇವನು ನನ್ನ ಹಿಂದೆ ಬರುವುದಕ್ಕೆಂದೇ ಬೆಟ್ಟ ಬರೆದನೇ? ಕಾಲು ಅಲ್ಲೇ ನಿಂತಿತು. ಸಂತೋಷಕ್ಕೆ ಎರಡು ಮೆಟ್ಟಿಲು ಒಟ್ಟಿಗೆ ಹಾರಿದೆ. ಮರುಕ್ಷಣವೇ ಹೆದರಿಕೆ. ನಿಜವಾಗಿಯೂ ಅವನಿಗೆ ಮಾರುಕಟ್ಟೆಯ ಮೇಲೆ ಆಸಕ್ತಿ ಹುಟ್ಟಿದ್ದರೆ?

"ಸೀದಾ ಹೋಗಿ ಕೇಳೋಕೆ ಏನು ರೋಗ ನಿಂಗೆ?" ಎಂದಳು ಅಕ್ಕ.

"ಕೇಳಿ ಅಲ್ಲ ಅಂದ್ರೆ ಮಾನ ಹೋಗುತ್ತೆ. ಸೀಟ್ ಬದಲಾಯಿಸೋಕೆ ಶುಕ್ರವಾರ ಐದು ಗಂಟೆ ತನಕ ಟೈಮ್ ಇದೆ. ಸುಮ್ಮನೆ ಬೆಟ್ಟಕ್ಕೆ ಅಂತ ಅರ್ಜಿ ಕೊಟ್ಟುಬಿಡ್ತೀನಿ. ಅವನಿಗೆ ಆಮೇಲೆ ಗೊತ್ತಾದ್ರೆ ಆಯ್ತು."

"ನೀನು ಅಷ್ಟು ದೂರ ಹೋಗಿ ಓದಿ ಇದನ್ನೇನಾ ಕಲಿತಿದ್ದು?" ಎಂದು ಅಕ್ಕ ಫೋನ್ ಇಟ್ಟಳು.

ಅರ್ಜಿ ಕೊಟ್ಟೆ. ಶುಕ್ರವಾರ ನಾಲ್ಕೂ ಇಪ್ಪತ್ತಕ್ಕೆ ಆಫೀಸಿನ ಮೇಡಂ ಕರೆ ಕಳಿಸಿದರು.

ಮೇಡಂ ಎಂದರೆ ಬಿಳಿ ಕೂದಲು, ಸರಕ್ಕೆ ಕಟ್ಟಿದ ಕನ್ನಡಕ, ಮೇಜಿನ ಮೇಲೆ ಒಂದೇ ಒಂದು ಕಳ್ಳಿ ಗಿಡ. ಅವರ ಎದುರಿನ ಎರಡು ಕುರ್ಚಿಗಳಲ್ಲಿ ಒಂದರಲ್ಲಿ ಆಗಲೇ ಜೌಗಪ್ಪ ಕೂತಿದ್ದ. ನನ್ನನ್ನು ಕಂಡು ಅವನ ಕಿವಿಗಳು ಕೆಂಪಾದವು.

ಮೇಡಂ ನಾಲ್ಕು ಹಾಳೆಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿದರು. ಮೊದಲನೆಯದನ್ನು ಎತ್ತಿಕೊಂಡು ನನ್ನತ್ತ ನೋಡಿದರು.

"'ಜೌಗು ನೆಲದ ಮೇಲೆ ನನಗೆ ಬಾಲ್ಯದಿಂದಲೂ ಅಪಾರ ಒಲವು.' ಇದು ಹೋದ ತಿಂಗಳು ನೀವು ಬರೆದದ್ದು. ಈ ವಾರ ಬೆಟ್ಟ ಬೇಕಂತೆ. ಒಲವು ಎಲ್ಲಿ ಹೋಯ್ತು?"

ಪಕ್ಕದ ಕುರ್ಚಿಯಿಂದ ಕಿಸಕ್ಕೆಂದ ಸದ್ದು ಬಂತು.

"ನೀವು ನಗಬೇಡಿ. 'ಆಲೂಗಡ್ಡೆಯ ಭವಿಷ್ಯವೇ ನನ್ನ ಭವಿಷ್ಯ.' ಇದು ನಿಮ್ಮದು. ನಿಮಗೆ ಈ ವಾರ ಕಡಲು ಬೇಕಂತೆ."

ಈಗ ನಗುವ ಸರದಿ ನನ್ನದು. ನಕ್ಕೆ ಕೂಡ. ಅರ್ಧ ನಕ್ಕ ಮೇಲೆ ಅವನು ಬರೆದದ್ದರ ಅರ್ಥ ಒಳಗಿಳಿಯಿತು, ನಗು ಅಲ್ಲೇ ನಿಂತುಹೋಯಿತು. ಅವನು ಕಳ್ಳಿ ಗಿಡವನ್ನೇ ನೋಡುತ್ತಿದ್ದ.

"ಈ ವಾರದ ಎರಡು ಅರ್ಜಿಗೂ ಸೀಲ್ ಹಾಕಿದ್ರೆ ನೀವು ಬೆಟ್ಟಕ್ಕೆ, ಅವರು ಕಡಲಿಗೆ. ಮತ್ತೆ ಬೇರೆ ಬೇರೆ," ಎಂದರು ಮೇಡಂ. "ಒಂದಕ್ಕೆ ಮಾತ್ರ ಹಾಕಿದ್ರೆ ಇಬ್ಬರೂ ಒಂದೇ ಕಡೆ. ಐದು ಗಂಟೆಗೆ ನಾನು ಮನೆಗೆ ಹೋಗ್ತೀನಿ. ಅಲ್ಲಿ ಜೆರಾಕ್ಸ್ ರೂಮಿದೆ, ಹೋಗಿ ಮಾತಾಡ್ಕೊಂಡು ಬನ್ನಿ. ಅರ್ಥಶಾಸ್ತ್ರ ಬೇಡ. ಬರೀ ಮಾತು."

ಜೆರಾಕ್ಸ್ ರೂಮಿನಲ್ಲಿ ಯಂತ್ರಕ್ಕೂ ಕಾಗದದ ಕಟ್ಟುಗಳಿಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಅಲ್ಲಿ ನಾವಿಬ್ಬರು ನಿಂತೆವು. ಅವನ ಅಂಗಿಯ ಮೂರನೆಯ ಗುಂಡಿ ನನ್ನ ಕಣ್ಣಿಗೆ ನೇರವಾಗಿತ್ತು.

"ಆಲೂಗಡ್ಡೆಯ ಭವಿಷ್ಯ?" ಎಂದು ಗುಂಡಿಯನ್ನು ಕೇಳಿದೆ.

"ನೂರೈವತ್ತು ಪದ ಬೇಕಿತ್ತು. ನಿನ್ನ ಹೆಸರೊಂದನ್ನೇ ಬರೆದ್ರೆ ಮೇಡಂ ಒಪ್ತಿರಲಿಲ್ಲ."

ತಲೆ ಎತ್ತಿದೆ. ಅವನು ನೋಡುತ್ತಿದ್ದ, ಮೂರು ಸೆಕೆಂಡಿಗೂ ಹೆಚ್ಚು ಹೊತ್ತು.

"ಹಾಗಾದ್ರೆ ನನ್ನ ಅರ್ಜಿಗೆ ಸೀಲ್ ಹಾಕಿಸೋಣ. ಇಬ್ಬರೂ ಬೆಟ್ಟದಲ್ಲಿರಬಹುದು," ಎಂದೆ.

"ಆಯ್ತು," ಎಂದ. ತಟಕ್ಕನೆ ಎಂದ.

ಬೆಟ್ಟದ ಮೇಲೆ ಅವನನ್ನು ಊಹಿಸಿಕೊಂಡೆ. ಶನಿವಾರ ಎಲ್ಲಿಗೂ ಹೋಗುವುದಿಲ್ಲ. ಬೂಟು ಮಂಚದ ಕೆಳಗೆ. ಪ್ಯಾಂಟಿನ ಅಂಚು ಇಸ್ತ್ರಿ ಮಾಡಿದ ಹಾಗೆ ಶುಭ್ರ. ಆ ಶುಭ್ರವಾದ ಅಂಚನ್ನು ನೆನೆದು ನನಗೆ ಅಳುವೇ ಬಂತು.

"ಬೇಡ, ಬೇಡ. ನಾನೇ ಕಡಲಿಗೆ ಬರ್ತೀನಿ."

"ಬಂದು ಏನು ಮಾಡ್ತೀಯ? ಬಾತುಕೋಳಿಗೂ ಕೊಕ್ಕರೆಗೂ ವ್ಯತ್ಯಾಸ ಗೊತ್ತಿಲ್ಲ ನಿಂಗೆ." ನಕ್ಕವನು ನಗು ನಿಲ್ಲಿಸಿದ. "ಅವತ್ತು ಗೋದಾಮಿನಲ್ಲಿ ಮ್ಯಾನೇಜರ್ ಜೊತೆ ಜಗಳ ಆಡಿದ್ಯಲ್ಲ, ಕಣ್ಣಲ್ಲಿ ನೀರು ತುಂಬ್ಕೊಂಡು, ಸೊಟ್ಟ ಗಡ್ಡೆಗಳಿಗೋಸ್ಕರ? ಅದನ್ನ ಬಿಟ್ಟು ನನ್ನ ಹಿಂದೆ ಬಾ ಅಂತ ನಾನು ಹೆಂಗೆ ಹೇಳ್ಲಿ? ನಂಗೆ ನೀನು..."

ಸರಿಯಾಗಿ ಆಗಲೇ ಎಲ್ಲಿಂದಲೋ ಯಾರೋ ಪ್ರಿಂಟ್ ಕೊಟ್ಟರು. ಯಂತ್ರ ಗಡಗಡ ಶುರುವಾಯಿತು. ಹಾಳೆಯ ಮೇಲೆ ಹಾಳೆ ಹೊರಗೆ ಬಿತ್ತು.

"ಏನು?" ಎಂದೆ.

"ನಂಗೆ ನೀನು..."

"ಕೇಳಿಸ್ತಿಲ್ಲ!"

"ನೀನಂದ್ರೆ ನಂಗೆ ಪ್ರಾಣ ಅಂದೆ!" ಎಂದು ಅವನು ಕೂಗುವುದಕ್ಕೂ ಯಂತ್ರ ನಿಲ್ಲುವುದಕ್ಕೂ ಸರಿಹೋಯಿತು. ಆಚೆ ಮೇಡಂ ಕೆಮ್ಮಿದರು.

"ನಂಗೂ," ಎಂದೆ ಮೆಲ್ಲಗೆ. ಒಂಬತ್ತು ತಿಂಗಳಿಂದ ನುಂಗಿಕೊಂಡಿದ್ದ ಮಾತು ಅಷ್ಟೇ ಅಷ್ಟು ಇತ್ತು. ಹೇಳಿದ ಮೇಲೆ ಎದೆ ಹಗುರಾಯಿತು, ಅದರ ಬೆನ್ನಿಗೇ ಭಾರವೂ ಆಯಿತು, ಏಕೆಂದರೆ ಏನು ಮಾಡಬೇಕು ಎಂಬುದು ಈಗ ಇಬ್ಬರಿಗೂ ಗೊತ್ತಿತ್ತು.

"ಎರಡಕ್ಕೂ ಸೀಲ್ ಹಾಕಿಸೋಣ್ವಾ?" ಎಂದೆ.

ಅವನು ತಲೆಯಾಡಿಸಿದ. "ಒಂದೇ ವರ್ಷ. ನಡುವೆ ಒಂದು ಜಂಕ್ಷನ್ ಇದೆ. ನಿಂಗೂ ನಾಲ್ಕೂವರೆ ಗಂಟೆ, ನಂಗೂ ನಾಲ್ಕೂವರೆ ಗಂಟೆ. ಪ್ಲಾಟ್‌ಫಾರಂ ಮೇಲೆ ಕಾಫಿ ಸಿಗುತ್ತಂತೆ."

"ಇದೆಲ್ಲ ಯಾವಾಗ ನೋಡಿದೆ?"

"ಲಿಸ್ಟ್ ನೋಡಿದ ದಿನವೇ," ಎಂದ. ಕಿವಿಯ ಜೊತೆ ಈ ಸಲ ಮೂಗೂ ಕೆಂಪಾಗಿತ್ತು.

ಆಚೆ ಬಂದಾಗ ಐದಕ್ಕೆ ಆರು ನಿಮಿಷ. ಮೇಡಂ ಸೀಲನ್ನು ಕೈಯಲ್ಲಿ ಹಿಡಿದೇ ಕೂತಿದ್ದರು.

"ಯಾವುದಕ್ಕೆ ಹಾಕ್ಲಿ?"

"ಎರಡಕ್ಕೂ," ಎಂದೆವು ಇಬ್ಬರೂ.

ಕನ್ನಡಕದ ಮೇಲಿನಿಂದ ನಮ್ಮನ್ನು ಬಹಳ ಹೊತ್ತು ನೋಡಿದರು. ಒಂದು ಸೀಲ್ ಹಾಕಿದರು. ಇನ್ನೊಂದು ಹಾಕಿದರು.

"ಇಪ್ಪತ್ತು ವರ್ಷದಿಂದ ಈ ಕುರ್ಚಿ ಮೇಲೆ ಕೂತಿದ್ದೀನಿ," ಎಂದರು. "ಬೇರೆ ಬೇರೆ ಊರಿಗೆ ಕಳಿಸಿ ಅಂತ ಕೈ ಕೈ ಹಿಡ್ಕೊಂಡು ಬಂದು ಕೇಳಿದವರು ನೀವೇ ಮೊದಲು."

ಕೆಳಗೆ ನೋಡಿದೆವು. ಹೌದು, ಹಿಡಿದುಕೊಂಡಿದ್ದೆವು. ಯಾವಾಗ ಹಿಡಿದದ್ದೋ, ಯಾರು ಮೊದಲು ಹಿಡಿದದ್ದೋ ಗೊತ್ತಿಲ್ಲ.

ಸಹಿ ಮಾಡಿ ಎಂದು ಮೇಡಂ ಅವನತ್ತ ಪೆನ್ನು ಚಾಚಿದರು. ಅವನ ಬಲಗೈ ನನ್ನ ಕೈಯಲ್ಲಿತ್ತು. ಅವನು ಎಡಗೈಯಲ್ಲಿ ಸಹಿ ಮಾಡಿದ.