ಸಹಿ ಹಾಕದ ಪ್ರತಿಗಳು

ಒಂದು ಕಾದಂಬರಿಯ ಬೆಲೆ ಮೂವತ್ತು ಡಾಲರ್. ಅದರಲ್ಲಿ ಅಂಗಡಿಯವನಾದ ನನಗೆ ಹನ್ನೆರಡು ಉಳಿಯುತ್ತದೆ. ಬರೆದವರಿಗೆ ಮೂರು. ಮಿಕ್ಕ ಹದಿನೈದು ಪ್ರಕಾಶಕರದ್ದು. ಕಾಗದ, ಅಚ್ಚು, ಮೆಲ್ಬರ್ನಿನಿಂದ ಸಮುದ್ರ ದಾಟಿಸುವ ಖರ್ಚು ಎಲ್ಲ ಅದರಲ್ಲೇ. ಪುಸ್ತಕ ಮಾರಾಟವಾಗದಿದ್ದರೆ ವಾಪಸ್ ಕಳಿಸುತ್ತೇನೆ, ನಾನು ಕೊಟ್ಟ ಹದಿನೆಂಟು ವಾಪಸ್ ಬರುತ್ತದೆ. ಬ್ರೆಡ್ ಅಂಗಡಿ ಬಿಟ್ಟು ಪುಸ್ತಕದಂಗಡಿ ಹಿಡಿದ ಇಪ್ಪತ್ತೆರಡು ವರ್ಷದಲ್ಲಿ ನಾನು ಕಲಿತ ವ್ಯಾಪಾರ ಇಷ್ಟೇ.

ಜೂನ್ ಇಪ್ಪತ್ಮೂರು, ಸೋಮವಾರ. ಹಿಂದಿನ ಜಗಲಿಯಲ್ಲಿದ್ದ ವಾಪಸಾತಿ ಪೆಟ್ಟಿಗೆಗೆ ಟೇಪು ಅಂಟಿಸಿ, ಲಾರಿಯವನ ಕೈಗೆ ಕೊಟ್ಟು, ಒಳಗೆ ಬಂದು ದೀಪ ಹಾಕಿದೆ. ಕಿಟಕಿಯ ಮೇಜು ಬರಿದಾಗಿತ್ತು.

ಶನಿವಾರ ಬಾಗಿಲು ಹಾಕುವಾಗ ಅಲ್ಲಿ ‘ಅವನು ಬಂದ ಸಂಜೆ’ ಕಾದಂಬರಿಯ ಐದು ಪ್ರತಿಗಳಿದ್ದವು. ಈಗ ಒಂದೂ ಇಲ್ಲ. ಅಡುಗೆ ಪುಸ್ತಕಗಳು, ಹಡಗುಗಳ ಇತಿಹಾಸ, ಗಲ್ಲಾ — ಬೇರೆ ಯಾವುದನ್ನೂ ಮುಟ್ಟಿರಲಿಲ್ಲ. ಹಿಂದಿನ ಕೋಣೆಯಲ್ಲಿ ಚಹಾ ಡಬ್ಬಿ ತೆರೆದರೆ ಒಳಗೆ ಮಡಿಸಿಟ್ಟ ಅರವತ್ತು ಡಾಲರ್.

ಹಿಂದಿನ ಸೋಮವಾರವೂ ಹೀಗೇ ಆಗಿತ್ತು. ಅದೇ ಪುಸ್ತಕದ ಮೂರು ಪ್ರತಿ ಮಾಯ, ಡಬ್ಬಿಯಲ್ಲಿ ಮೂವತ್ತಾರು ಡಾಲರ್. ನಾನೇ ಏನೋ ಮರೆತಿರಬೇಕು ಎಂದು ಸುಮ್ಮನಿದ್ದೆ. ಒಂಟಿಯಾಗಿ ಚಳಿಗಾಲ ಕಳೆಯುವವನಿಗೆ ಹಾಗೆ ಅನ್ನಿಸುವುದು ಸಹಜ.

ಎದುರು ಮನೆಯ ಐರಿಸ್ ಪಾಸ್ಕೋಳನ್ನು ಕರೆದೆ. ನಲವತ್ತು ವರ್ಷ ಊರೂರು ತಿರುಗಿ ಕುರಿಯುಣ್ಣೆಯ ದರ್ಜೆ ಗುರುತಿಸಿದವಳು ಅವಳು. ಒಂದು ಎಳೆ ಬೆರಳಲ್ಲಿ ಉಜ್ಜಿದರೆ ಯಾವ ಮಂದೆ, ಯಾವ ವರ್ಷ ಎಂದು ಹೇಳಬಲ್ಲಳು. ನಮ್ಮ ಈ ಪುಟ್ಟ ಕಡಲೂರು ಸ್ಟ್ಯಾನ್ಲಿಯಲ್ಲಿ ಏನಾದರೂ ಕಳೆದರೆ ಪೊಲೀಸರಿಗಿಂತ ಮೊದಲು ಅವಳಿಗೇ ಹೇಳುತ್ತೇವೆ.

“ಕಳವಾಗಿದೆ ಅಂತೀಯ, ದುಡ್ಡು ಸಿಕ್ಕಿದೆ ಅಂತೀಯ. ನೆಟ್ಟಗೆ ಹೇಳೋ ಕ್ಲೆಮ್, ಹೋಗಿದ್ದೆಷ್ಟು, ಬಂದಿದ್ದೆಷ್ಟು?”

“ನೂರೈವತ್ತರ ಪುಸ್ತಕ ಹೋಗಿದೆ. ಅರವತ್ತು ಬಂದಿದೆ.”

“ಬಾಗಿಲು?”

“ಬೀಗ ಹಾಕಿದ್ದೆ.”

“ಕೀಲಿ?”

“ಎಲ್ಲಿರುತ್ತೋ ಅಲ್ಲೇ.”

“ಜಗಲಿ ಮೇಲಿರೋ ಹಳೇ ಸೀಗಡಿ ಬುಟ್ಟಿ ಕೆಳಗೆ. ಅಂದ್ರೆ ಊರಿಗೆಲ್ಲ ಗೊತ್ತಿರೋ ಜಾಗದಲ್ಲಿ. ಭಾರಿ ಬಂದೋಬಸ್ತು ನಿಂದು.” ಅವಳು ಬರಿದಾದ ಮೇಜನ್ನು ಅಂಗೈಯಿಂದ ಸವರಿದಳು. “ಈ ಪುಸ್ತಕ ಯಾರಿಗೆ ಬೇಕು?”

ನಿಜ ಹೇಳಬೇಕೆಂದರೆ ಹೆಚ್ಚು ಜನಕ್ಕೆ ಬೇಡ. ಬರೆದವಳು ದೋಣಿ ನಿಲ್ಲುವ ದಕ್ಕೆಯ ಪಕ್ಕದ ಥೆಲ್ಮಾ ಬ್ರೋಡ್ರಿಬ್, ಎಪ್ಪತ್ತಾರು ವರ್ಷ, ಒಬ್ಬಳೇ. ಮೀನುಗಾರನ ಹೆಂಡತಿಯೊಬ್ಬಳು ಕಡಲಿಗೆ ಹೋದ ಗಂಡನಿಗಾಗಿ ಕಾಯುತ್ತಾಳೆ, ಕೊನೆಯ ಅಧ್ಯಾಯದಲ್ಲಿ ಅವನು ಬರುತ್ತಾನೆ. ಆರು ವರ್ಷದ ಹಿಂದೆ ಚೆನ್ನಾಗಿ ಹೋಗಿತ್ತು. ಈಗ ದೊಡ್ಡ ಅಂಗಡಿಗಳು ಇಡುವುದಿಲ್ಲ. ಊರಿನವಳೆಂಬ ಅಭಿಮಾನಕ್ಕೆ ನಾನು ತರಿಸಿ ತರಿಸಿ ಕಿಟಕಿಯಲ್ಲಿಟ್ಟು, ಬರುವ ಪ್ರವಾಸಿಗರಿಗೆಲ್ಲ ಮಾರುತ್ತಿದ್ದೆ.

“ಲಾರ್ನಾ ಟ್ಯಾಟ್ನೆಲ್ ತಿಂಗಳಿಗೆ ಮೂರು ನಾಲ್ಕು ತಗೋತಾಳೆ,” ಎಂದೆ. “ಗಂಡ ತೀರಿಕೊಂಡ ಹೆಂಗಸರಿಗೆಲ್ಲ ಹಂಚ್ತಾಳೆ. ಆಮೇಲೆ ಗ್ಯಾವಿನ್ ಸ್ಪಿಯರ್ಸ್, ಪ್ರಕಾಶಕರ ಕಡೆಯವನು. ನಾನಿಲ್ದಿದ್ರೂ ಕೀಲಿ ತಗೊಂಡು ಬಂದು ಚಹಾ ಕುಡಿದು ಹೋಗ್ತಾನೆ.”

“ಥೆಲ್ಮಾ?”

“ತನ್ನ ಪುಸ್ತಕ ತಾನೇ ಯಾರು ಕದೀತಾರೆ? ಲೇಖಕರು ಅಂಗಡಿಗೆ ಬಂದ್ರೆ ತಮ್ಮದನ್ನ ಮುಂದಕ್ಕೆ ಎಳೆದಿಟ್ಟು ಹೋಗ್ತಾರೆ.”

“ಸಹಿ ಹಾಕಿದ ಪ್ರತಿಗಳಾ ಹೋಗಿದ್ದು?”

“ಅಯ್ಯೋ, ಸಹಿ ಎಲ್ಲಿ. ಒಂದು ವರ್ಷದಿಂದ ಕೇಳ್ತಿದೀನಿ. ಮಣಿಕಟ್ಟು ನೋವು, ಪೆನ್ನು ಹಿಡಿಯೋಕೆ ಆಗ್ತಿಲ್ಲ ಅಂತಾಳೆ.”

ಐರಿಸ್ ಅರವತ್ತು ಡಾಲರನ್ನು ಮತ್ತೆ ಎಣಿಸಿ ನನ್ನ ಕೈಗಿಟ್ಟಳು.

ನನಗೆ ಲಾರ್ನಾಳ ಮೇಲೆ ಅನುಮಾನ. ಪಿಂಚಣಿ ಮುಗಿದಿರಬೇಕು, ಕೈಲಿದ್ದಷ್ಟು ಇಟ್ಟು ಪುಸ್ತಕ ಒಯ್ದಿರಬೇಕು. ಹಾಗಿದ್ದರೆ ಬಿಟ್ಟುಬಿಡೋಣ ಎಂದುಕೊಂಡೇ ಅವಳ ಮನೆಗೆ ಹೋದೆವು. ಅಡುಗೆಮನೆಯಲ್ಲಿ ಇಬ್ಬರ ಮೇಜು, ಒಂದೇ ಕುರ್ಚಿ. ಇನ್ನೊಂದನ್ನು ಗೋಡೆಗೆ ಒರಗಿಸಿ ಅದರ ಮೇಲೆ ಪತ್ರಿಕೆ ಪೇರಿಸಿದ್ದಳು.

“ಲಾರ್ನಾ, ಈ ವಾರ ಪುಸ್ತಕ ತಗೊಂಡ್ಯಾ?” ಐರಿಸ್ ಕೇಳಿದಳು.

“ಶುಕ್ರವಾರ ತಗೋತೀನಿ. ನಾಲ್ಕು ಎತ್ತಿಡು ಅಂತ ಕ್ಲೆಮ್‌ಗೆ ಹೇಳಿದೀನಲ್ಲ. ಯಾಕೆ?”

“ಐದು ಕಾಣ್ತಿಲ್ಲ. ಯಾರೋ ಅರವತ್ತು ಡಾಲರ್ ಇಟ್ಟು ಹೋಗಿದಾರೆ.”

ಲಾರ್ನಾಳ ಮುಖ ಕೆಂಪಾಯಿತು. “ನನ್ನ ಕೇಳೋಕೆ ಬಂದ್ರಾ? ಕದಿಯೋಳಾಗಿದ್ರೆ ಪೂರ್ತಿ ದುಡ್ಡು ಇಟ್ಟೇ ಕದೀತಿದ್ದೆ. ಅರ್ಧಂಬರ್ಧ ಇಡೋದು ಯಾವ ಮರ್ಯಾದೆ?”

“ಬೇಜಾರಾಗ್ಬೇಡ. ಒಂದು ಹೇಳು — ನೀನು ಕೊಡೋ ಮೂವತ್ತರಲ್ಲಿ ಇವನಿಗೆ ಎಷ್ಟು ಸಿಗುತ್ತೆ?”

“ಇದೆಂಥ ಪ್ರಶ್ನೆ? ಅಂಗಡಿ ಅವನದು, ದುಡ್ಡೂ ಅವನದೇ.”

ಐರಿಸ್ ತಲೆಯಾಡಿಸಿದಳು. “ಈ ಪುಸ್ತಕದಲ್ಲಿ ಅಂಥದ್ದೇನಿದೆ ಲಾರ್ನಾ?”

“ಕೊನೇ ಎರಡು ಪುಟ. ದಕ್ಕೆ ಮೇಲೆ ಅವನ ಬೂಟಿನ ಸದ್ದು ಕೇಳಿಸುತ್ತಲ್ಲ, ಅದು. ಮಲಗೋಕೆ ಮುಂಚೆ ಓದ್ತೀನಿ. ನನ್ನ ಗಂಡ ರೆಗ್ ಬರಲ್ಲ ಅಂತ ನಂಗೊತ್ತು, ನಂಗೇನೂ ತಲೆ ಕೆಟ್ಟಿಲ್ಲ. ಆದ್ರೂ ಎಲ್ಲೋ ಒಂದು ಕಡೆ ಯಾರಾದ್ರೂ ಬರ್ಬೇಕು.” ಅವಳು ಕೈಗಳನ್ನು ಏಪ್ರನ್‌ಗೆ ಒರೆಸಿಕೊಂಡಳು. “ಅದಕ್ಕೇ ಪ್ರತಿ ಗುರುವಾರ ಥೆಲ್ಮಾ ಮನೆಗೆ ಹೋಗೋದು. ಅದನ್ನ ಬರೆದ ಕೈ ಮಾಡಿದ ಚಹಾ ಕುಡಿಯೋಕೆ.”

ಹೊರಗೆ ಬಂದಾಗ ನನಗೆ ನಾಚಿಕೆಯಾಗಿತ್ತು. “ಅವಳಲ್ಲ,” ಎಂದೆ.

“ಅವಳಲ್ಲ. ಗ್ಯಾವಿನ್‌ಗೆ ಫೋನ್ ಹಚ್ಚು.”

ಗ್ಯಾವಿನ್ ಕಾರಿನಲ್ಲಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಶುರು ಮಾಡಿದ. “ಏನಪ್ಪಾ ಕ್ಲೆಮ್, ಥೆಲ್ಮಾ ಮೇಲೆ ಮುನಿಸಾ? ಊರಲ್ಲೆಲ್ಲ ಅವಳ ಪುಸ್ತಕ ಮಾರ್ತಿದ್ದೋನು ಹೋದ ವಾರ ಮೂರು ವಾಪಸ್ ಕಳಿಸ್ದೆ?”

“ನಾನಾ? ಕಳಿಸಿಲ್ಲ.”

“ಚೀಟಿ ನನ್ನ ಕಣ್ಣೆದುರಿಗೇ ಬಂತು ಮಾರಾಯ. ನಿನ್ನ ಮುದ್ರೆ, ನಿನ್ನ ಸಹಿ.”

ವಾಪಸಾತಿ ಚೀಟಿಗಳ ಇಡೀ ಕಟ್ಟಿಗೆ ನಾನು ಹೊಸ ವರ್ಷಕ್ಕೇ ಸಹಿ ಮಾಡಿ ಮುದ್ರೆ ಒತ್ತಿಡುತ್ತೇನೆ. ವಾರ ವಾರ ಯಾರು ಕೂತು ಬರೆಯುತ್ತಾರೆ? ಕಟ್ಟು ಜಗಲಿಯ ಪೆಟ್ಟಿಗೆಯ ಪಕ್ಕದಲ್ಲೇ ನೇತಾಡುತ್ತದೆ. ಚಿಕ್ಕ ಅಂಗಡಿಯವರೆಲ್ಲ ಮಾಡುವುದು ಹೀಗೇ.

ಐರಿಸ್ ಫೋನನ್ನು ಕಸಿದುಕೊಂಡಳು. “ಗ್ಯಾವಿನ್, ಆ ಪುಸ್ತಕ ಈ ವರ್ಷ ಎಷ್ಟು ಹೋಗಿದೆ?”

“ಕಳಿಸಿದ್ದರಲ್ಲಿ ವಾಪಸ್ ಬಂದಿದ್ದು ಕಳೆದರೆ ನೂರಾ ಏಳು. ನೂರು ದಾಟಿದ್ರೆ ಸಾಕು, ಜುಲೈಯಲ್ಲಿ ಅಗ್ಗದ ಆವೃತ್ತಿ ಹಾಕ್ತಾರೆ. ಸಂತೋಷದ ಕೊನೆ ಇರೋ ಪುಸ್ತಕ ಯಾವಾಗ್ಲೂ ಓಡುತ್ತೆ.”

“ನೂರು ದಾಟದಿದ್ರೆ?”

“ಜೂನ್ ಮೂವತ್ತಕ್ಕೆ ನೂರಕ್ಕಿಂತ ಕಡಿಮೆಯಿದ್ರೆ, ಬರೆದವರು ಕೇಳಿದ್ರೆ ಹಕ್ಕು ವಾಪಸ್ ಕೊಡ್ಬೇಕು. ಒಪ್ಪಂದದಲ್ಲಿ ಇರುತ್ತೆ. ಯಾರೂ ಕೇಳಲ್ಲ ಬಿಡಿ.”

ದಕ್ಕೆಯ ಕಡೆ ಗಾಳಿ ಜೋರಾಗಿತ್ತು. ಥೆಲ್ಮಾ ಬಾಗಿಲು ತೆರೆದಳು. ತಲೆಗೆ ಬೂದು ಬಣ್ಣದ ಉಣ್ಣೆಯ ಟೋಪಿ. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಒಂದು ಕ್ಷಣ ನಿಂತಳು, ಆಮೇಲೆ ಕೆಟಲ್ ಇಟ್ಟಳು.

“ಟೋಪಿ ಚೆನ್ನಾಗಿದೆ ಥೆಲ್ಮಾ. ಕೊಂಡಿದ್ದಾ?”

“ನಾನೇ ಹೆಣೆದಿದ್ದು.”

ಐರಿಸ್ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. “ಮಾವ್ಬ್ರೇ ಕಡೆಯ ಮಂದೆ. ಹೋದ ನವೆಂಬರಿನಲ್ಲಿ ಕತ್ತರಿಸಿದ್ದು. ನಾನೇ ದರ್ಜೆ ಹಾಕಿದ ಉಣ್ಣೆ, ನೂಲಾಗಿ ಬಂದಿದ್ದು ಏಪ್ರಿಲ್‌ನಲ್ಲಿ. ಅಂದ್ರೆ ಈ ಚಳಿಗಾಲದ ಹೆಣಿಗೆ. ಒಂದು ಕುಣಿಕೆ ಕೂಡ ಸಡಿಲ ಇಲ್ಲ.”

ಥೆಲ್ಮಾ ಕಪಾಟಿನಿಂದ ಮೂರು ಕಪ್ಪು ತೆಗೆದಳು.

“ಇಷ್ಟು ಬಿಗಿಯಾಗಿ ಹೆಣೆಯೋ ಮಣಿಕಟ್ಟಿಗೆ ಐದು ಸಲ ಹೆಸರು ಬರೆಯೋಕೆ ಏನು ನೋವು?”

“ಐರಿಸ್, ಬಿಡು,” ಎಂದೆ.

“ನೀನು ಸುಮ್ನಿರು ಕ್ಲೆಮ್. ಸಹಿ ಹಾಕಿದ ಪುಸ್ತಕ ವಾಪಸ್ ಕಳಿಸಿದ್ರೆ ಏನಾಗುತ್ತೆ?”

“ತಗೊಳಲ್ಲ. ಗೀಚಿದ ಪುಸ್ತಕ ಅಂತ ಲೆಕ್ಕ. ಸಹಿ ಬಿದ್ರೆ ಮಾರಾಟ ಆದ ಹಾಗೇ —” ನಾನು ಅಲ್ಲಿಗೇ ನಿಂತೆ.

“ಅದೇ. ಈ ಪುಸ್ತಕಗಳು ವಾಪಸ್ ಹೋಗ್ಬೇಕು ಅಂತ ಯಾರಿಗೋ ವರ್ಷದಿಂದ ಇತ್ತು. ಹೋಗ್ಬೇಕಾದ್ರೆ ಸಹಿ ಬೀಳಬಾರದು. ಆಮೇಲೆ ಡಬ್ಬಿ ದುಡ್ಡು. ಐದಕ್ಕೆ ಅರವತ್ತು, ಮೂರಕ್ಕೆ ಮೂವತ್ತಾರು. ಎರಡು ಸಲಾನೂ ಒಂದಕ್ಕೆ ಹನ್ನೆರಡು. ಇಪ್ಪತ್ತೆರಡು ವರ್ಷದಿಂದ ನೀನು ಗೊಣಗೋ ಅದೇ ಹನ್ನೆರಡು. ನಿನ್ನ ಕಣ್ಣಿಗೆ ಬೀಳಲಿಲ್ಲ, ಯಾಕಂದ್ರೆ ಕಳ್ಳರ ದುಡ್ಡು ಅಂತ ನೋಡಿದೆ. ಹದಿನೆಂಟು ಪ್ರಕಾಶಕರಿಂದ ಬಂದೇ ಬರುತ್ತೆ ಅಂತ ಗೊತ್ತಿದ್ದೋರು ಮಾತ್ರ ಹಾಗೆ ಇಡ್ತಾರೆ. ನಿನಗೆ ಒಂದು ಕಾಸೂ ನಷ್ಟ ಆಗಬಾರದು ಅನ್ನೋರು. ಲಾರ್ನಾಗೆ ಆ ಲೆಕ್ಕವೇ ಗೊತ್ತಿಲ್ಲ. ಗ್ಯಾವಿನ್‌ಗೆ ಗೊತ್ತು, ಆದ್ರೆ ಪುಸ್ತಕ ಓಡಿದ್ರೇ ಅವನಿಗೆ ಲಾಭ. ತೆಗೆದೋರು ಪುಸ್ತಕಗಳನ್ನ ದೂರ ಒಯ್ದೇ ಇರಲಿಲ್ಲ ಕ್ಲೆಮ್. ಮೇಜಿನಿಂದ ಜಗಲಿಗೆ, ಹತ್ತು ಹೆಜ್ಜೆ. ಮೇಲೆ ನಿನ್ನ ಸಹಿಯ ಚೀಟಿ. ಟೇಪು ಅಂಟಿಸಿ ಲಾರಿಗೆ ಕೊಟ್ಟೋನು ನೀನೇ.” ಅವಳು ಥೆಲ್ಮಾ ಕಡೆ ತಿರುಗಿದಳು. “ಯಾರು ಅನ್ನೋದು ಗೊತ್ತಾಯ್ತು ಥೆಲ್ಮಾ. ಯಾಕೆ ಅನ್ನೋದು ನೀನೇ ಹೇಳ್ಬೇಕು.”

ಥೆಲ್ಮಾ ಚಹಾ ಸುರಿದಳು.

“ನನ್ನ ಗಂಡ ಅರ್ನ್‌ನ ದೋಣಿ ಮುಳುಗಿ ನಲವತ್ತಾರು ವರ್ಷ. ಹಲಗೆ ಸಿಕ್ತು, ಅವನು ಸಿಗಲಿಲ್ಲ. ನಾನು ಬರೆದಿದ್ದು ಅದನ್ನೇ. ಹೆಸರೂ ‘ದಕ್ಕೆಯ ಮನೆ’ ಅಂತ ಇತ್ತು. ಕೊನೇಲಿ ಯಾರೂ ಬರಲ್ಲ. ಅವಳು ಒಲೆಗೆ ಕಟ್ಟಿಗೆ ಹಾಕ್ತಾಳೆ, ಅಷ್ಟೇ.”

“ಮತ್ತೆ?”

“ಮೆಲ್ಬರ್ನಿನ ಪ್ರಕಾಶಕರ ಕಚೇರಿಯ ಹುಡುಗಿ ಫೋನ್ ಮಾಡಿದ್ಳು. ಕೆಟ್ಟವಳಲ್ಲ. ಓದಿ ಅತ್ತುಬಿಟ್ಟೆ ಅಂದ್ಳು. ಆದ್ರೆ ಇಷ್ಟು ದುಃಖ ಇಟ್ಟು ಮಾರೋಕಾಗಲ್ಲ, ಅವನನ್ನ ಬರಿಸಿ ಅಂದ್ಳು. ನಂಗೆ ಎಪ್ಪತ್ತು ಆಗಿತ್ತು. ಅಚ್ಚಾಗಿ ನೋಡೋ ಆಸೆ. ಹನ್ನೊಂದು ದಿನದಲ್ಲಿ ಬರಿಸಿಬಿಟ್ಟೆ. ಅವಳು ಹೇಳಿದ್ದೂ ಸುಳ್ಳಾಗಲಿಲ್ಲ, ಮೊದಲ ವರ್ಷ ನಾಲ್ಕು ಸಾವಿರ ಹೋಯ್ತು.” ಅವಳು ಕಿಟಕಿಯ ಕಡೆ ನೋಡಿದಳು. “ಆಮೇಲೆ ಜನ ಬರೋಕೆ ಶುರು ಮಾಡಿದ್ರು. ಅಡಿಲೇಡಿನಿಂದ ಬಂದ ಗಂಡ ಹೆಂಡತಿ ಬಾಗಿಲು ತಟ್ಟಿ, ಯಜಮಾನ್ರು ಒಳಗಿದಾರಾ, ಒಂದು ಫೋಟೋ ತೆಗೀಬಹುದಾ ಅಂದ್ರು. ಮಲಗಿದಾರೆ ಅಂದೆ. ನನ್ನ ಬಾಯಿಂದ ಹಾಗೆ ಬಂತು. ಅವತ್ತು ಅರ್ನ್ ಎರಡನೇ ಸಲ ಹೋದ.”

“ನಂಗೆ ಹೇಳ್ಬಹುದಿತ್ತಲ್ಲ,” ಎಂದೆ.

“ಹೆಂಗೆ ಹೇಳ್ಲಿ? ಕಿಟಕಿಯಲ್ಲಿಟ್ಟು, ಧೂಳು ಒರೆಸಿ, ನೋಡು ಥೆಲ್ಮಾ ಇವತ್ತು ಎರಡು ಹೋಯ್ತು ಅಂತಿದ್ದೆ. ಅಷ್ಟು ಪ್ರೀತಿಯಿಂದ ನನ್ನ ಕುತ್ತಿಗೆ ಹಿಡಿದಿದ್ದೆ ನೀನು.”

ಲೆಕ್ಕ ನನ್ನ ತಲೆಯಲ್ಲಿ ತಾನೇ ಓಡಿತು. ನೂರಾ ಏಳರಲ್ಲಿ ಇವತ್ತಿನ ಐದು ಹೋದರೆ ನೂರಾ ಎರಡು. ಅಂಗಡಿಯ ಕಪಾಟಿನಲ್ಲಿ ಇನ್ನು ನಾಲ್ಕು ಇವೆ. ಅವು ಹೋದರೆ ತೊಂಬತ್ತೆಂಟು, ನೂರಕ್ಕಿಂತ ಕಡಿಮೆ, ಹಕ್ಕು ಥೆಲ್ಮಾಗೆ ಮರಳುತ್ತದೆ. ಆದರೆ ಆ ನಾಲ್ಕು ಲಾರ್ನಾಗೆಂದು ಎತ್ತಿಟ್ಟವು. ಶುಕ್ರವಾರ ಅವಳು ದುಡ್ಡು ಹಿಡಿದು ಬರುತ್ತಾಳೆ.

“ಗುರುವಾರ ಗ್ಯಾವಿನ್ ಬರ್ತಾನೆ, ವಾಪಸ್ ಕೊಡೋದಿದ್ರೆ ಅವನ ಕೈಗೇ ಕೊಡ್ಬಹುದು,” ಐರಿಸ್ ಮೆಲ್ಲಗೆ ಹೇಳಿದಳು. “ತೀರ್ಮಾನ ನಿಂದು ಕ್ಲೆಮ್. ಇದರಲ್ಲಿ ನಾನು ಬಾಯಿ ಹಾಕಲ್ಲ.”

ಮೂರು ದಿನ ಆ ನಾಲ್ಕು ಪುಸ್ತಕ ಕಪಾಟಿನಲ್ಲಿದ್ದವು. ಬುಧವಾರ ಒಂದನ್ನು ತೆಗೆದು ಕೊನೆಯ ಎರಡು ಪುಟ ಓದಿದೆ. ಚೆನ್ನಾಗಿತ್ತು. ಬೂಟಿನ ಸದ್ದು ನನಗೂ ಕೇಳಿಸಿತು. ನನಗೂ ಯಾರೋ ಬಂದಹಾಗಾಯಿತು. ಹೀಗಾಗಿಯೇ ಪ್ರಕಾಶಕರು ಇದನ್ನು ಕೇಳಿದ್ದು, ಹೀಗಾಗಿಯೇ ಲಾರ್ನಾ ಇದನ್ನು ಕೊಂಡದ್ದು ಎಂದು ಅರ್ಥವಾಯಿತು. ಆದರೆ ಬರದಿದ್ದ ಗಂಡ ಥೆಲ್ಮಾಳವನು. ಅವನನ್ನು ಏನು ಮಾಡಬೇಕೆಂದು ಹೇಳುವ ಹಕ್ಕು ಓದಿದವರಿಗಿಲ್ಲ, ಮಾರಿದವನಿಗೂ ಇಲ್ಲ.

ಗುರುವಾರ ನಾಲ್ಕನ್ನೂ ಪೆಟ್ಟಿಗೆಗೆ ಹಾಕಿದೆ. ಚೀಟಿಯನ್ನು ಈ ಸಲ ನಾನೇ ತುಂಬಿದೆ. ಗ್ಯಾವಿನ್ ನನ್ನ ಮುಖ ನೋಡಿದ, ಮೂವತ್ತರ ಗಡುವಿನೊಳಗೇ ಲೆಕ್ಕಕ್ಕೆ ಸೇರುವಂತೆ ಅಂದಿನ ತಾರೀಖಿನ ಮುದ್ರೆ ಒತ್ತಿದ, ಪೆಟ್ಟಿಗೆಯನ್ನು ಕಾರಿಗೆ ಹೊತ್ತೊಯ್ದ.

ಶುಕ್ರವಾರ ಲಾರ್ನಾ ಬಂದಳು. ಇಲ್ಲ ಎಂದೆ. ಯಾಕೆ ಎಂದಳು. ಸುಳ್ಳು ಹೇಳಲು ನನಗೆ ಆಗಲಿಲ್ಲ, ಎಲ್ಲ ಹೇಳಿದೆ. ಅವಳು ನೋಟುಗಳನ್ನು ಪರ್ಸಿಗೆ ಮರಳಿ ಹಾಕುತ್ತ, “ಅಂದ್ರೆ ಅವನು ಬಂದೇ ಇರಲಿಲ್ಲ,” ಎಂದಷ್ಟೇ ಹೇಳಿ ಹೋದಳು.

ಆಗಸ್ಟಿನಲ್ಲಿ ಹಕ್ಕುಪತ್ರ ಥೆಲ್ಮಾ ಕೈಸೇರಿತು. ಅವನು ಬರದ ಆ ಕೊನೆಯನ್ನು ಬೇರೆ ಯಾವ ಪ್ರಕಾಶಕರೂ ಕೇಳಲಿಲ್ಲ. ಹತ್ತಿರದ ಬರ್ನಿ ಪಟ್ಟಣದ ಮುದ್ರಣಾಲಯದಲ್ಲಿ ಅವಳೇ ನಲವತ್ತು ಪ್ರತಿ ಮಾಡಿಸಿದಳು. ಇಲ್ಲಿಯವರೆಗೆ ಒಂಬತ್ತು ಮಾರಿದ್ದೇನೆ. ಲಾರ್ನಾ ಒಂದನ್ನೂ ಕೊಂಡಿಲ್ಲ.

ಥೆಲ್ಮಾಗೆ ಅವಳ ಪುಸ್ತಕ ಸಿಕ್ಕಿತು. ಗುರುವಾರ ಚಹಾಕ್ಕೆ ಬರುತ್ತಿದ್ದ ಒಬ್ಬಳು ಬರುವುದನ್ನು ನಿಲ್ಲಿಸಿದಳು.