ಜೊತೆದನಿಯ ಯಂತ್ರ

ಕೀಬೋರ್ಡಿನ ಮೇಲೆ ಆಶೀರ್ವಾದನ ಬಲಗೈ ಮಾತ್ರ ಓಡಾಡುತ್ತಿತ್ತು. ಎಡಗೈಯಲ್ಲಿ ಚಹಾ ಲೋಟ. ಆದರೂ ಉಡುಪಿಯ ಆ ಚರ್ಚಿನ ತುಂಬ ನಾಲ್ಕು ದನಿಗಳ ಗಾಯನ. ತಂಡದವರೆಲ್ಲ ಹಾಡುತ್ತಿದ್ದುದು ಒಂದೇ ರಾಗವನ್ನು. ಉಳಿದ ಮೂರು ದನಿಗಳನ್ನು ‘ಜೊತೆದನಿ’ ಎಂಬ ಯಂತ್ರ ಸೇರಿಸುತ್ತಿತ್ತು.

೨೦೫೮ರಲ್ಲಿ ಇದೇನೂ ಸೋಜಿಗವಲ್ಲ. ಹಿಂದಿನ ಕೀಬೋರ್ಡುಗಳಲ್ಲಿ ಜೊತೆಸ್ವರ ಕೊಡುವ ಹಾರ್ಮನಿ ಗುಂಡಿ ಒತ್ತಿದರೆ ಸಾಲುತ್ತಿರಲಿಲ್ಲ. ಎಡಗೈಯಿಂದ ಕಾರ್ಡ್, ಅಂದರೆ ಒಂದಕ್ಕೊಂದು ಹೊಂದುವ ಮೂರು ಸ್ವರಗಳನ್ನು, ಹಿಡಿಯಬೇಕಿತ್ತು. ಅದರೊಳಗಿಂದಲೇ ಸ್ವರ ಹೆಕ್ಕಿ ಕೀಬೋರ್ಡು ರಾಗದ ಕೆಳಗೆ ಜೋಡಿಸುತ್ತಿತ್ತು. ಎಡಗೈ ತಪ್ಪಿದರೆ ಜೊತೆಯೂ ತಪ್ಪು. ಡಾ. ನಿರುಪಮಾ ಸೋನ್ಸ್ ಆ ತಾಪತ್ರಯವನ್ನೇ ಕಿತ್ತುಹಾಕಿದ್ದಳು. ಅವಳ ಯಂತ್ರ ರಾಗ ಕೇಳಿ ಕಾರ್ಡನ್ನು ತಾನೇ ಊಹಿಸುತ್ತಿತ್ತು.

ಈಗ ಅದೇ ನಿರುಪಮಾ ಗಾಯಕರ ಮುಂದೆ ಹಲ್ಲು ಕಡಿಯುತ್ತ ನಿಂತಿದ್ದಳು.

“ಮಿಷನ್ ಆಫ್ ಮಾಡು. ಎರಡನೇ ದನಿ, ಆಲ್ಟೊದವರು, ನಿಮ್ಮದು ಹಾಡಿ.”

ಎಲ್ಲರೂ ರಾಗವನ್ನೇ ಹಾಡಿದರು.

“ನಮ್ಮದು ಅಂದ್ರೆ ಎಂತ ಮೇಡಂ?” ಆಶೀರ್ವಾದ ಕೇಳಿದ. “ಅದನ್ನ ಮಿಷನ್ನೇ ಹಾಡ್ತದಲ್ಲ?”

ಅವಳಿಗೆ ಚಿಕ್ಕಂದಿನಲ್ಲಿ ಸ್ವರ ಕಲಿಸಿದ ಎಬೆನೇಸರ್ ಕರ್ಕಡ ಮಾಸ್ಟರು ಹಾಸಿಗೆ ಹಿಡಿದಿದ್ದರು. ಕಣ್ಣು ಮುಚ್ಚುವ ಮೊದಲು ಸಂಜೆಯ ಕೀರ್ತನೆಯನ್ನು ಮನುಷ್ಯರ ನಾಲ್ಕು ದನಿಯಲ್ಲಿ ಕೇಳಬೇಕೆಂಬುದು ಅವರ ಆಸೆ. ಊರಿಡೀ ಹುಡುಕಿದರೂ ಎರಡನೇ ದನಿ ಬಲ್ಲವರು ಒಬ್ಬರೂ ಸಿಕ್ಕಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಸುಮ್ಮನೆ ಅಲ್ಲ. ನಿರುಪಮಾಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

ಕೊನೆಗೆ ಯಂತ್ರವನ್ನೇ ಹೊತ್ತುಕೊಂಡು ಮಾಸ್ಟರ ಮನೆಗೆ ಹೋದಳು.

“ಮಾಸ್ಟ್ರೇ, ನಿಮ್ಮ ಟೆನರ್ ಹಾಡಿ. ಉಳಿದದ್ದನ್ನು ಇದು ನೋಡಿಕೊಳ್ತದೆ.”

ಜೀವಮಾನವಿಡೀ ಹಾಡಿದ ಆ ಮೂರನೇ ದನಿಯನ್ನು ಮಾಸ್ಟರು ನಡುಗುತ್ತ ಎತ್ತಿಕೊಂಡರು. ಯಂತ್ರ ಅದನ್ನೇ ರಾಗವೆಂದು ತಿಳಿದು ಅದರ ಕೆಳಗೆ ಮೂರು ದನಿ ಜೋಡಿಸಿತು. ಒಂದೂ ಅಪಸ್ವರವಿಲ್ಲ. ಆದರೆ ಅದು ಸಂಜೆಯ ಕೀರ್ತನೆಯಾಗಿರಲಿಲ್ಲ, ಯಾವ ಕೀರ್ತನೆಯೂ ಆಗಿರಲಿಲ್ಲ.

“ನಿಲ್ಲಿಸು ಮಾರಾಯ್ತಿ! ನಾನು ಹಾಡಿದ್ದು ಇನ್ನೊಬ್ಬರಿಗೆ ಜೊತೆಯಾಗ್ಲಿಕ್ಕೆ. ನಿನ್ನ ಪೆಟ್ಟಿಗೆ ನನ್ನನ್ನೇ ಮುಂದೆ ನಿಲ್ಲಿಸಿತಲ್ಲ!”

“ಯಾರು ಹಾಡಿದ್ರೂ ಅದಕ್ಕೆ ಅವರದ್ದೇ ರಾಗ, ಮಾಸ್ಟ್ರೇ. ನಾನು ಮಾಡಿದ್ದೇ ಹಾಗೆ.”

“ಹಾಗಾದ್ರೆ ಅದನ್ನು ಆಫ್ ಮಾಡು. ರಾಗ ನೀನು ಹಾಡು.”

ಅವಳು ಹಾಡಿದಳು, ಅವರು ಟೆನರ್ ಹಿಡಿದರು. ಎರಡು ಸಾಲು ಸರಿಯಾಗಿಯೇ ಸಾಗಿತು. ಮೂರನೆಯದರಲ್ಲಿ ಅವರ ದನಿಗೆ ಕಿವಿಗೊಟ್ಟದ್ದೇ ತಡ, ಅವಳ ದನಿ ಜಾರಿ ಅದರೊಳಗೇ ಸೇರಿಕೊಂಡಿತು. ಇನ್ನೊಮ್ಮೆ ಹಾಡುವಾಗ ಕಿವಿ ಮುಚ್ಚಿಕೊಂಡಳು. ಈ ಸಲ ರಾಗ ಉಳಿಯಿತು. ಆದರೆ ಮಾಸ್ಟರು ಹಾಡುವುದನ್ನು ಯಾವಾಗ ನಿಲ್ಲಿಸಿದರೆಂಬುದೇ ಅವಳಿಗೆ ಗೊತ್ತಾಗಲಿಲ್ಲ.

“ಕೈ ತೆಗಿ,” ಅಂದರು ಅವರು, ಬೇಸರದಿಂದ. “ನನ್ನದು ಕೇಳ್ಬೇಕು, ನಿನ್ನದು ಬಿಡಬಾರ್ದು. ಇದರಲ್ಲಿ ಇರುವುದೇ ಅಷ್ಟು.”

ಅವಳು ಕೈ ತೆಗೆದಳು, ಮತ್ತೆ ಜಾರಿದಳು. “ಇನ್ನೊಮ್ಮೆ,” ಅಂದ ಮಾಸ್ಟರ ದನಿ ಅಷ್ಟರಲ್ಲೇ ಬತ್ತಿಹೋಗಿತ್ತು.

ಇದು ೨೦೫೮ರ ಮಾತು. ಇವತ್ತು ನಿಮ್ಮ ಮನೆಯ ಕೀಬೋರ್ಡು ಇನ್ನೂ ಎಡಗೈಯನ್ನು ಕೇಳುತ್ತದೆ. ನಿಮ್ಮ ಪಕ್ಕದಲ್ಲಿ ಕೂತು ಬೇರೆ ದನಿಯಲ್ಲಿ ಹಾಡಬಲ್ಲವರೂ, ಪುಣ್ಯಕ್ಕೆ, ಇನ್ನೂ ಇದ್ದಾರೆ.