ಅರವತ್ತು ತೇಲುಪಟ್ಟಿಗಳು

ಸೋಮವಾರ, ಜೂನ್ ೧೨, ೧೯೧೧. ಬೆಳಿಗ್ಗೆ ಒಂಬತ್ತೂಕಾಲಿಗೆ ಹಡಗು ಕಂಪನಿಯ ಗೋದಾಮಿನ ಕಾರಕೂನ ಲಿಮಯೆ ಛತ್ರಿ ಮಡಚುತ್ತ ಸಾಖರಬಂದರಿನ ಠಾಣೆಗೆ ಬಂದ. ಗೋದಾಮಿನಲ್ಲಿ ಕಳವಾಗಿತ್ತು. ಏಜೆಂಟ ದಾಮಲೆ ಮುಂಬಯಿಗೆ ಹೋಗಿದ್ದರು. ಸಾಮಾನು ಕಳೆದರೆ ಮರುದಿನವೇ ಪೊಲೀಸರಿಗೆ ತಿಳಿಸಬೇಕೆಂಬುದು ಕಂಪನಿಯ ನಿಯಮ. ಲಿಮಯೆ ನಿಯಮ ಮೀರಿದವನಲ್ಲ.

ಫೌಜದಾರ ಗಣೋಜಿ ಸುರ್ವೆ ಎಫ್.ಐ.ಆರ್. ಪುಸ್ತಕ ತೆರೆದ.

“ಏನ ಹೋಗೇತಿ?”

“ಬೆಂಡಿನ ತೇಲುಪಟ್ಟಿ ರೀ. ಬೋಟ್ ಮುಳುಗಿದ್ರ ಮಂದಿ ಎದಿಗೆ ಕಟ್ಕೊಳ್ಳೋವು. ಅರವತ್ತು.”

“ಗುರುತು?”

“ಎಲ್ಲಾದರ ಮ್ಯಾಲೂ ಹೆಸರು ಬರದೈತ್ರಿ. ಜಯಮಾಲಾ ಅಂತ.”

ಸುರ್ವೆಯ ಲೇಖನಿ ನಿಂತಿತು. ಜಯಮಾಲಾ ಸಮುದ್ರದ ತಳ ಸೇರಿ ಒಂಬತ್ತು ದಿನವಾಗಿತ್ತು. ಮಳೆಗಾಲಕ್ಕೆ ಮುಂಚಿನ ಕೊನೆಯ ಬೋಟು ಅದು. ಭತ್ತ ನಾಟಿಗೆಂದು ಊರಿಗೆ ಹೊರಟ ಮುಂಬಯಿ ಗಿರಣಿಗಳ ಜನರನ್ನು ಮೂಟೆ ತುಂಬಿದಂತೆ ತುಂಬಿದ್ದರು. ಇನ್ನೂರ ಹನ್ನೊಂದು ಜನ. ದಡಕ್ಕೆ ಬಂದ ಹೆಣ ಎಪ್ಪತ್ತನಾಲ್ಕು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಷ್ಟಕ್ಕೂ ಪಂಚನಾಮೆ ಬರೆದವನು ಸುರ್ವೆಯೇ. ಸೀರೆಯ ಬಣ್ಣ ಬರೆದಿದ್ದ, ಬಳೆ ಬರೆದಿದ್ದ, ಮೀನು ತಿಂದ ಗಾಯ ಬರೆದಿದ್ದ. ಒಂದು ಹೆಣದ ಮೈಮೇಲೂ ತೇಲುಪಟ್ಟಿ ಇರಲಿಲ್ಲ. ಎಪ್ಪತ್ತನಾಲ್ಕು ಸಲ ಬರೆದರೂ, ಯಾಕಿಲ್ಲ ಎಂದು ಅವನು ಒಂದು ಸಲವೂ ಕೇಳಿಕೊಂಡಿರಲಿಲ್ಲ.

ಕಂಪನಿ ಮಾತ್ರ ಲಿಖಿತ ಹೇಳಿಕೆ ಕೊಟ್ಟು ಮುಗಿಸಿತ್ತು: ಪಟ್ಟಿಗಳು ಹಡಗಿನಲ್ಲೇ ಇದ್ದವು, ನಾವಿಕರ ಮುಖ್ಯಸ್ಥ ಹಸನ್ ತಾಂಡೇಲ ಧೈರ್ಯಗೆಟ್ಟು ಹಂಚಲಿಲ್ಲ. ಮುಳುಗಿಹೋದ ಹಸನ್ ಎದ್ದು ಬಂದು ಇಲ್ಲವೆನ್ನುವಂತಿರಲಿಲ್ಲ. ಈಗ ಅವನ ಹೆಂಡತಿ ಬಾವಿಗೆ ಬಂದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಸರಕಾರಿ ವಿಚಾರಣೆ ಗುರುವಾರವಿತ್ತು.

“ಜಯಮಾಲಾದ ಪಟ್ಟಿ ಗೋದಾಮಿನ್ಯಾಗ ಯಾಕಿದ್ವು, ಲಿಮಯೆ?”

“ನನಗೇನ ಗೊತ್ತರೀ? ಶನಿವಾರ ಇದ್ವು. ಇವತ್ತಿಲ್ಲ.”

“ಸಹಿ ಮಾಡು.”

ಹನ್ನೊಂದು ಗಂಟೆಗೆ ಗೋದಾಮಿನಲ್ಲಿ ಸ್ಥಳ ಪಂಚನಾಮೆ. ಹಿಂಬದಿಯ ಕಿಟಕಿಯ ಸರಳುಗಳನ್ನು ತಿರುಪು ಬಿಚ್ಚಿ ತೆಗೆದು ಗೋಡೆಗೆ ಒರಗಿಸಿತ್ತು. ನಾಲ್ಕು ತಿರುಪುಗಳು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಬಿಳಿ ಬಣ್ಣದ ಹೆಬ್ಬೆಟ್ಟಿನ ಗುರುತು.

“ಕಳ್ಳ ಅಲ್ರಿ ಇಂವ, ಮನಿ ಅಳಿಯ,” ಎಂದ ಹವಾಲ್ದಾರ ಅಬ್ಬಾಸ್ ಮುಕಾದಮ. “ಮತ್ತ ಜೋಡಸಾಕ ಅನುಕೂಲ ಆಗ್ಲಿ ಅಂತ ಇಟ್ಟ ಹೋಗ್ಯಾನ.”

ಹೊರಗೆ ಮುದುಕಿಯೊಬ್ಬಳು ಬಲೆ ಹೆಣೆಯುತ್ತಿದ್ದಳು.

“ನಿನ್ನೆ ಇಲ್ಲಿ ಯಾರನ್ನರ ನೋಡಿದಿ ಏನವ್ವಾ?”

“ನೋಡದ ಏನು? ಮಧ್ಯಾಹ್ನ ಧಾಕು ಪಾಂಚಾಳ ಕೈಗಾಡಿ ತುಂಬ ಪಟ್ಟಿ ಹೇರ್ಕೊಂಡ ಹೋದ.”

“ಕೇಳಲಿಲ್ಲಾ?”

“ಯಾಕ ಕೇಳ್ಲಿ? ಹಡಗಿಗೆ ಬಣ್ಣಾ ಹಚ್ಚಾಂವ ಅಂವ. ಹೋದ ತಿಂಗಳ ಮೂರು ಬೋಟಿಗೆ ಮೂರು ಸಲ ಅವನ್ನಽ ಒಯ್ದಾನ. ಬಂದರಕ್ಕೆಲ್ಲಾ ಗೊತ್ತೈತಿ. ಪೊಲೀಸರಿಗೆ ಕಣ್ಣಿಲ್ಲೇನ?”

ಅಬ್ಬಾಸ್ ನಗಲಿಲ್ಲ. ಸುರ್ವೆ ಆಗಲೇ ನಡೆಯತೊಡಗಿದ್ದ.

ಧಾಕು ತನ್ನ ಮನೆಯ ಪಡಸಾಲೆಯಲ್ಲಿ ಕೂತಿದ್ದ. ಐವತ್ತು ದಾಟಿದ ಮನುಷ್ಯ, ಉಗುರಿನ ಸಂದಿಯಲ್ಲೆಲ್ಲ ಬಿಳಿ ಬಣ್ಣ. ಬೆನ್ನ ಹಿಂದೆ ತೇಲುಪಟ್ಟಿಗಳ ರಾಶಿ.

“ನಿನ್ನೇನಽ ಬರ್ತೀರಿ ಅಂದ್ಕೊಂಡಿದ್ದೆ, ಸಾಹೇಬ್ರ.”

“ಕದ್ದಿ?”

“ಕದ್ದೆ.”

“ಯಾಕ?”

“ಮೊದಲ ಈ ಪಟ್ಟಿ ಮ್ಯಾಲಿನ ಹೆಸರಿನ ಕಥಿ ಕೇಳ್ರಿ. ಪ್ರತಿ ಮೇ ತಿಂಗಳ ಮುಂಬಯಿಯಿಂದ ತಪಾಸಣಿ ಅಧಿಕಾರಿ ಬರ್ತಾನ. ವಾರಕ್ಕೊಂದು ಬೋಟ್ ನೋಡ್ತಾನ. ಕಂಪನಿಗೆ ಬೋಟ್ ಮೂರು, ಪಟ್ಟಿ ಇವು ಅರವತ್ತಽ. ಒಂದು ಬೋಟಿನ ತಪಾಸಣಿ ಮುಗೀತು ಅಂದ್ರ ನಾ ಬಿಳಿ ಬಳದು ಇನ್ನೊಂದರ ಹೆಸರು ಬರೀಬೇಕು. ಕಡೀಕ ಬರದದ್ದು ಜಯಮಾಲಾ. ತಪಾಸಣಿ ಆತು, ಪಟ್ಟಿ ಇಳಿಸಿ ಗೋದಾಮಿಗೆ ಹಾಕಿಸಿದ್ರು. ‘ಅವನ್ನ ಇಟ್ಟ ಜಾಗಾದಾಗ ಮೂವತ್ತ ಮಂದಿ ಕೂಡ್ತಾರ’ ಅಂದ್ರು ದಾಮಲೆ ಸಾಹೇಬ್ರು.”

“ಇದನ್ನ ಠಾಣೆಗೆ ಬಂದು ಹೇಳಬೇಕಿತ್ತು.”

ಧಾಕು ತಲೆಯೆತ್ತಿದ.

“ಹೋದ ಮಂಗಳವಾರ ಬಂದಿದ್ದೆ. ನೀವು ಹೆಣದ ಕೆಲಸದಾಗ ಇದ್ರಿ. ‘ನಿನ್ನ ಮಗಳ ಹೆಣಾ ಸಿಕ್ಕರ ಹೇಳಿ ಕಳಸ್ತೀವಿ, ಹೋಗೋ’ ಅಂದ್ರಿ. ಬಣ್ಣದಾಂವನ ಮಾತು ನೀವು ಬರ್ಕೊಳ್ಳೂದಿಲ್ಲ. ಕಂಪನಿ ಸಾಮಾನು ಕಳವಾದ್ರ ಬರ್ಕೊಂತೀರಿ. ಅದಕ್ಕಽ ಕದ್ದೆ.”

ಸುರ್ವೆಗೆ ಆ ಮಂಗಳವಾರ ನೆನಪಾಯಿತು, ಬಾಗಿಲಲ್ಲಿ ನಿಂತಿದ್ದ ಮನುಷ್ಯನೂ ನೆನಪಾದ. ಮುಖ ಎತ್ತಿ ನೋಡದೆಯೇ ಅವನನ್ನು ಕಳಿಸಿದ್ದೂ ನೆನಪಾಯಿತು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಅಬ್ಬಾಸನ ಮೇಲೆ ರೇಗಿದ: “ನಿಂತ ನೋಡ್ತೀ ಏನು? ಪಂಚರನ್ನ ಕರಕೊಂಡ ಬಾ!”

ಇಬ್ಬರು ಪಂಚರು ಬಂದರು. ಒಬ್ಬ ಕ್ಷೌರಿಕ, ತಮ್ಮನನ್ನು ಕಳೆದುಕೊಂಡವನು. ಇನ್ನೊಬ್ಬ ಶೇಂದಿ ಇಳಿಸುವವನು, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕಳೆದುಕೊಂಡವನು. ಯಾರನ್ನೂ ಕಳೆದುಕೊಳ್ಳದವರನ್ನು ಆ ಊರಲ್ಲಿ ಹುಡುಕುವುದೇ ಕಷ್ಟವಿತ್ತು.

ನಾಲ್ಕು ಗಂಟೆಗೆ ಧಾಕುವಿನ ಮನೆಯ ಮುಂದೆ ಟಾಂಗಾ ನಿಂತಿತು. ಮುಂಬಯಿಯಿಂದ ಬಂದಿಳಿದ ದಾಮಲೆ, ಸುದ್ದಿ ತಿಳಿದು ಮನೆಗೂ ಹೋಗದೆ ಓಡಿಬಂದಿದ್ದರು.

“ಫೌಜದಾರ, ಆ ಲಿಮಯೆ ಹುಚ್ಚ. ಕೇಸು ಬ್ಯಾಡ. ನಮ್ಮ ಸಾಮಾನು ನಮಗ ಕೊಟ್ಟಬಿಡು.”

“ನಿಮ್ಮದಽ ಹೌದಲ್ರಿ, ರಾವಸಾಹೇಬ್ರ?”

“ನಮ್ಮದಽ. ಇನ್ನ್ಯಾರದು?”

“ಬರಕೋ ಅಬ್ಬಾಸ್. ಏಜೆಂಟರು ತಮ್ಮ ಸಾಮಾನು ಗುರುತಿಸಿದರು. ವೇಳೆ ನಾಲ್ಕು ಹತ್ತು.” ಸುರ್ವೆ ಕೈಚಾಚಿದ. “ಧಾಕು, ಚಾಕು ಕೊಡು.”

“ಜೋರಲೆ ಕೆರೀಬ್ಯಾಡ್ರಿ. ಕೆಳಗಿನ ಹೆಸರು ಹೋದೀತು.”

ಸುರ್ವೆ ಕೆರೆದ. ಜಯಮಾಲಾ ಪುಡಿಯಾಗಿ ಉದುರಿತು. ಅದರಡಿ ಬಿಳಿ, ಬಿಳಿಯಡಿ ಪದ್ಮಿನಿ. ಮತ್ತೆ ಬಿಳಿ, ಅದರಡಿ ಮೈನಾ. ಇನ್ನೊಂದು ಪಟ್ಟಿ ಎತ್ತಿಕೊಂಡ. ಅದರಲ್ಲೂ ಅದೇ ಮೂರು ಬೋಟುಗಳ ಹೆಸರು. ಶೇಂದಿಯವನು ದಾಮಲೆಯ ಬೂಟಿನ ಪಕ್ಕದಲ್ಲೇ ಉಗುಳಿದ. ದಾಮಲೆ ಕಾಲು ಹಿಂದೆಳೆದುಕೊಂಡರು.

“ಇದನ್ನೆಲ್ಲಾ ಬರೀತೀ ಏನು? ಕಳವಿನ ಕೇಸಿಗೂ ಇದಕ್ಕೂ ಏನ ಸಂಬಂಧ?”

“ಮಾಲಿನ ವರ್ಣನಾ ಪೂರ್ತಿ ಬರೀಬೇಕು. ನಿಯಮ ಐತಿ. ಒಂದು ಪ್ರತಿ ಕೋರ್ಟಿಗೆ, ಒಂದು ಗುರುವಾರದ ವಿಚಾರಣೆಗೆ.”

“ನಿನ್ನ ವರ್ಗ ಮಾಡಸ್ತೀನಿ.”

“ಮಾಡಸ್ರಿ. ನಿಮ್ಮ ಬೋಟಿನ್ಯಾಗ ಮಾತ್ರ ಕಳಸಬ್ಯಾಡ್ರಿ.”

ಪಂಚರು ಹೆಬ್ಬೆಟ್ಟು ಒತ್ತಿದರು. ದಾಮಲೆಯನ್ನು ಹಿಡಿಯಲು ಸುರ್ವೆಯ ಕೈಯಲ್ಲಿ ಅಂದು ಕಾನೂನಿನ ಯಾವ ಕಲಮೂ ಇರಲಿಲ್ಲ. ಅವರು ಟಾಂಗಾ ಹತ್ತಿ ಊಟಕ್ಕೆ ಮನೆಗೆ ಹೋದರು. ಸಂಜೆ ಆರು ಹತ್ತಕ್ಕೆ, ಕಲಂ ೪೫೪ ಮತ್ತು ೩೮೦ರ ಪ್ರಕಾರ ಬಂಧನವಾದದ್ದು ಧಾಕು ಪಾಂಚಾಳನದು.

ಹೊರಡುವ ಮುಂಚೆ ಅಬ್ಬಾಸ್ ಮಾಲು ಎಣಿಸಿದ. “ಐವತ್ತೊಂಬತ್ತಽ ಅದಾವ್ರಿ. ಒಂದು ಕಡಿಮಿ.”

“ಇನ್ನೊಂದು ಎಲ್ಲಿ, ಧಾಕು?”

ಬೇಡಿ ಹಾಕಿದ ಕೈಗಳನ್ನು ಧಾಕು ಮಡಿಲಲ್ಲಿಟ್ಟುಕೊಂಡ.

“ನಮ್ಮ ಯೇಸೂ ಮುಂಬಯಿಯಿಂದ ಹೇಳಿ ಕಳಿಸಿದ್ಲು, ಬೋಟಿನ್ಯಾಗ ಬರ್ಲೋ, ನಡಕೋತ ಬರ್ಲೋ, ಅಪ್ಪಾ ಅಂತ. ಪಟ್ಟಿ ಗೋದಾಮಿನ್ಯಾಗ ಅದಾವು ಅಂತ ನನಗ ಗೊತ್ತಿತ್ತು. ಏನಾಕ್ಕೈತಿ, ಇಷ್ಟ ವರ್ಷ ಏನೂ ಆಗಿಲ್ಲಲ್ಲ ಅಂದ್ಕೊಂಡೆ. ಬೋಟಿನ್ಯಾಗಽ ಬಾ ಅಂದೆ.” ಉಗುರಿನ ಬಿಳಿ ಬಣ್ಣ ಕೆರೆದ. “ಒಂದರ ಮ್ಯಾಲ ಆಕಿ ಹೆಸರು ಬರದು ನಿನ್ನೆ ಸಮುದ್ರಕ್ಕ ಬಿಟ್ಟೆ.”

ಸುರ್ವೆ ಪಂಚನಾಮೆಯ ಕೊನೆಗೆ ಒಂದು ಸಾಲು ಸೇರಿಸಿದ: ಕಳವಾದ ಅರವತ್ತರಲ್ಲಿ ಒಂದು, ಯಾರಿಗೆ ಸೇರಬೇಕಿತ್ತೋ ಅವರಿಗೆ ತಡವಾಗಿ ಮುಟ್ಟಿಸಲಾಗಿದೆ. ಬರೆದದ್ದನ್ನು ಓದಿಕೊಂಡ. ಹೊಡೆದು ಹಾಕಲಿಲ್ಲ.

ಠಾಣೆಗೆ ಹೋಗಲು ಅಂಗಡಿ ಬೀದಿಯ ದಾರಿ ಹತ್ತಿರವಿತ್ತು. ಅವನು ಬಾವಿಯ ದಾರಿ ಹಿಡಿದ. ಕಟ್ಟೆಯ ಬಳಿ, ಹಸನ್‌ನ ಹೆಂಡತಿಯನ್ನು ಕಂಡರೆ ಕೊಡ ಎತ್ತಿ ಹೊರಡುತ್ತಿದ್ದ ಹೆಂಗಸರು ನೀರು ಸೇದುತ್ತಿದ್ದರು. ಸುರ್ವೆ ಅಲ್ಲಿ ನಿಂತು, ಪಂಚನಾಮೆ ತೆಗೆದು, ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ.